ದೇವರಕಾಡು ಕಾಯುವವರಿಗೆ ಶಾಲು ಸಾಕಾ?

(ದಕ್ಷಿಣ ಕೊಡಗಿನ ಕೆಲವು ದೇವಸ್ಥಾನ ಸಮಿತಿಯವರು, ಪಂಚಾಯ್ತಿ ಸದಸ್ಯರು, ಕಾಲೇಜಿನ ಹುಡುಗ ಹುಡುಗಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ತರುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದೇವಸ್ಥಾನದ ಹೊಣೆ ಹೊತ್ತ ತಕ್ಕರಿಗೆ, ಹಿರಿಯರಿಗೆ, ಹಿಂದೆ ಬಾಗಿಲ ಹತ್ತಿರ ನಿಂತೇ ಕೇಳುತ್ತಿರುವ ತೋಟದ ಕೆಲಸದವರಿಗೆ. ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇದೆ. ಇವತ್ತಿನ ಮಾತು ಜಾಸ್ತಿ ನಿಮ್ಮ ಬಗ್ಗೆಯೇ ಇರೋದು.

ದೇವರಕಾಡು, ಅಂದರೆ ದೇವರ ಹೆಸರಿನಲ್ಲಿ ಕಡಿಯದೆ ಉಳಿಸಿಕೊಂಡ ಕಾಡು. ಅದನ್ನು ಕಾಯುವವರನ್ನು ಗುರುತಿಸಿ ಗೌರವಿಸುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ನಮ್ಮಲ್ಲಿ ಗೌರವ ಅಂದ ತಕ್ಷಣ ಒಂದು ವೇದಿಕೆ, ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ವಯಸ್ಸಾದವರ ಹೆಗಲಿಗೆ ಊರಿನವರ ಎದುರು ಒಂದು ಶಾಲು ಬಿದ್ದರೆ ಅವರ ಮನೆಯವರಿಗೆ ಎಷ್ಟು ಖುಷಿ ಆಗುತ್ತದೆ ಅಂತ ನನಗೂ ಗೊತ್ತು. ಆದರೆ ಶಾಲು ಹೊದಿಸಿದ ಮರುದಿನ ಅವರು ಮತ್ತೆ ಒಬ್ಬರೇ ಕತ್ತಿ ಹಿಡಿದು ಕಾಡಿಗೆ ಹೋಗುವಂತಾದರೆ ಅದು ಅರ್ಧ ಗೌರವ. ಅವರ ಕೆಲಸದಲ್ಲಿ ಊರು ಪಾಲು ತಗೊಳ್ಳಬೇಕು. ಕಾಡಿನ ವಿಷಯ ತೀರ್ಮಾನ ಆಗುವಾಗ ಅವರ ಮಾತು ನಡೆಯಬೇಕು. ನಾನು ಹೇಳಲು ಬಂದಿರುವುದು ಇಷ್ಟೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲಿ 1214 ದೇವರಕಾಡುಗಳಿವೆ ಅಂತ ಅರಣ್ಯ ಇಲಾಖೆಯ ಲೆಕ್ಕ. ಎಲ್ಲ ಸೇರಿದರೆ ಸುಮಾರು 2550 ಹೆಕ್ಟೇರ್. ಭಾಗಿಸಿ ನೋಡಿದರೆ ಒಂದೊಂದಕ್ಕೆ ಸರಾಸರಿ ಐದು ಎಕರೆ ಚಿಲ್ಲರೆ ಬರುತ್ತದೆ. ಕೊಡಗಿನ ವಿಸ್ತೀರ್ಣ 4102 ಚದರ ಕಿಲೋಮೀಟರ್. ಅಂದರೆ ಹೆಚ್ಚುಕಮ್ಮಿ ಮೂರೂವರೆ ಚದರ ಕಿಲೋಮೀಟರಿಗೆ ಒಂದು ದೇವರಕಾಡು. ಯಾವ ಊರಿನ ದಾರಿಯಲ್ಲಿ ಹೋದರೂ ತೋಟ, ಗದ್ದೆ, ತೋಟ, ಮಧ್ಯೆ ಇದ್ದಕ್ಕಿದ್ದ ಹಾಗೆ ಒಂದು ಕತ್ತಲೆ ಕಾಡು ಸಿಗುತ್ತದೆ. ಒಳಗೆ ಅಯ್ಯಪ್ಪನೋ ಭಗವತಿಯೋ ಮಹಾದೇವನೋ ಇರುತ್ತಾನೆ. ಅಯ್ಯಪ್ಪನ ಕಾಡಾದರೆ ಮರದ ಬುಡದಲ್ಲಿ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಇರುತ್ತವೆ. ಹಳೆಯವು ಪಾಚಿ ಹಿಡಿದಿರುತ್ತವೆ, ಹೊಸವು ಇನ್ನೂ ಕೆಂಪಗೆ ಇರುತ್ತವೆ.

ಐದು ಎಕರೆ ಕಾಡಲ್ಲಿ ಏನಿರುತ್ತೆ ಅಂತ ಕೇಳುವವರಿದ್ದಾರೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೂ ಸೇರಿ ನಮ್ಮ ಜಿಲ್ಲೆಯಲ್ಲೇ ಒಂದು ಅಧ್ಯಯನ ಮಾಡಿದ್ದಾರೆ. ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರನ್ನೂ ಹೋಲಿಸಿ ನೋಡಿದರು. ಅಪಾಯದಲ್ಲಿರುವ ಜಾತಿಯ ಕೆಲವು ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡಿನಲ್ಲೇ ಜಾಸ್ತಿ ಸಿಕ್ಕವು. ಬೇಲಿ ಇಲ್ಲ, ಗಾರ್ಡ್ ಇಲ್ಲ, ಆದರೂ ಉಳಿದಿವೆ.

ಆದರೆ ಎಷ್ಟು ಉಳಿದಿದೆ? ಇದನ್ನು ನಾವು ಮರೆಯಬಾರದು. 1905ರಲ್ಲಿ ದೇವರಕಾಡುಗಳು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಯ ಕೈಗೆ ಹೋದವು. ಮತ್ತೆ ಅರಣ್ಯ ಇಲಾಖೆಗೆ ವಾಪಸ್ ಬಂದದ್ದು 1985ರಲ್ಲಿ. ಈ 80 ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಹೋಯಿತು. ದೇವರ ಕಾಡನ್ನು ದೇವರೇ ಕಾಯ್ತಾನೆ ಅಂತ ಸುಮ್ನೆ ಇದ್ದದ್ದಕ್ಕೆ ಹೀಗಾಯಿತು. ಕಾಡು ಉಳಿದಿರುವ ಕಡೆ ಹೋಗಿ ವಿಚಾರಿಸಿ ನೋಡಿ. ಹಠ ಹಿಡಿದ ಒಬ್ಬ ತಕ್ಕರು, ಒಬ್ಬ ಮೇಷ್ಟ್ರು, ಒಬ್ಬ ಕೆಲಸದಾಳು, ಹೀಗೆ ಯಾರೋ ಒಬ್ಬರ ಹೆಸರು ಬಂದೇ ಬರುತ್ತದೆ.

ಒತ್ತುವರಿ ಹೇಗೆ ಆಗುತ್ತದೆ ಅಂತ ಇಲ್ಲಿರುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಈ ಮಕ್ಕಳಿಗೋಸ್ಕರ ಹೇಳುತ್ತೇನೆ. ಒಂದೇ ರಾತ್ರಿ ಯಾರೂ ಕಾಡು ಕಡಿಯುವುದಿಲ್ಲ. ಮೊದಲು ಅಂಚಿನ ಕುರುಚಲು ಸವರುತ್ತಾರೆ. ಕೇಳಿದರೆ, ಆನೆ ಬಂದು ನಿಲ್ಲುತ್ತೆ, ಹಾವು ಜಾಸ್ತಿ ಅನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಮರುವರ್ಷ ಅಂಚಿನ ಮರಕ್ಕೆ ಒಂದು ಮೆಣಸಿನ ಬಳ್ಳಿ ಹತ್ತುತ್ತದೆ. ಬಳ್ಳಿ ಇದ್ದ ಮೇಲೆ ಬುಡಕ್ಕೆ ಗೊಬ್ಬರ ಹಾಕಬೇಕು. ಗೊಬ್ಬರ ಹಾಕಿದ ಮೇಲೆ ಪಕ್ಕದಲ್ಲಿ ನಾಲ್ಕು ಕಾಫಿ ಗಿಡ. ಆಮೇಲೆ ನೆರಳು ಜಾಸ್ತಿ ಆಯಿತು ಅಂತ ಕೊಂಬೆ ಕಪಾತು. ಕೊನೆಗೆ ಬೇಲಿ. ಬೇಲಿ ಬಂದು ಹತ್ತು ವರ್ಷ ಆದ ಮೇಲೆ, ಗಡಿಕಲ್ಲು ಮೊದಲು ಎಲ್ಲಿತ್ತು ಅಂತ ಹೇಳುವವರು ಊರಲ್ಲಿ ಎಷ್ಟು ಜನ ಉಳಿದಿರುತ್ತಾರೆ?

ನನಗೆ ಗೊತ್ತಿರುವ ಒಬ್ಬ ಹಿರಿಯರಿದ್ದಾರೆ. ಹೆಸರು ಹೇಳಬೇಡ ಅಂದಿದ್ದಾರೆ, ಹೇಳುವುದಿಲ್ಲ. ಕಾಫಿ ಕೊಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಅವರು ಪ್ರತಿ ವರ್ಷ ಗಡಿ ಸುತ್ತುತ್ತಾರೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಸುಣ್ಣದ ಬಕೆಟ್. ಸರ್ವೆ ನಕ್ಷೆಯ ನಕಲನ್ನು ಮಳೆ ನೀರು ತಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿಯ ಒಳಗೆ ಇಟ್ಟುಕೊಂಡಿರುತ್ತಾರೆ. ನಕ್ಷೆಯನ್ನು ತೆಗೆದು ನೋಡುವುದು ಕಡಿಮೆ. ಒಂದೊಂದು ಕಲ್ಲಿಗೂ ಅವರದ್ದೇ ಗುರುತಿದೆ. ನಂದಿ ಮರದ ಕಲ್ಲು, ಹುತ್ತದ ಕಲ್ಲು, ತೋಡಿನ ಕಲ್ಲು. ಸೊಪ್ಪು ಸರಿಸಿ, ಕಲ್ಲಿನ ಮೇಲಿನ ಪಾಚಿ ಕೆರೆದು, ಸುಣ್ಣ ಬಳಿದು ಮುಂದಿನ ಕಲ್ಲಿಗೆ ಹೋಗುತ್ತಾರೆ. ಒಂದು ಕಲ್ಲು ಜಾಗ ಬಿಟ್ಟಿದೆ ಅನ್ನಿಸಿದರೆ ಮಾತ್ರ ಕೂತು ನಕ್ಷೆ ಬಿಡಿಸುತ್ತಾರೆ. ಆಮೇಲೆ ಅರ್ಜಿ ಬರೆಯುತ್ತಾರೆ. ಆ ಅರ್ಜಿಗಳ ನಕಲು ಅವರ ಮನೆಯ ಒಂದು ಟ್ರಂಕಿನ ತುಂಬ ಇದೆ.

ಈ ಕೆಲಸಕ್ಕೆ ಅವರು ತೆತ್ತ ಬೆಲೆ ಏನು ಗೊತ್ತಾ? ಪಕ್ಕದ ತೋಟದವರು ಅವರ ನೆಂಟರೇ. ಮಾತು ಬಿಟ್ಟು ವರ್ಷಗಳಾದವು. ಮದುವೆಗೆ ಕರೆಯುವುದು ನಿಂತಿತು. ಕಾಡಿನ ಗಡಿ ಕಾಯುವವರಿಗೆ ಊರಲ್ಲಿ ಗೆಳೆಯರು ಕಡಿಮೆ ಆಗುತ್ತಾರೆ. ಇದನ್ನು ನಾವು ಯಾವ ಸನ್ಮಾನ ಪತ್ರದಲ್ಲೂ ಬರೆಯುವುದಿಲ್ಲ. ನಿಮಗೆ ಸನ್ಮಾನ ಮಾಡಬೇಕು ಅಂದುಕೊಂಡಿದ್ದೇವೆ ಅಂತ ಒಮ್ಮೆ ಹೇಳಿದಾಗ ಅವರು, ಶಾಲು ಬೇಡ, ಮುಂದಿನ ಸಲ ನನ್ನ ಜೊತೆ ಗಡಿ ಸುತ್ತೋಕೆ ಹತ್ತು ಜನ ಬರಲಿ ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅವರೊಬ್ಬರೇ ಹೋದರೆ ಅದು ಅವರ ಜಗಳ. ಹತ್ತು ಮನೆಯವರು ಹೋದರೆ ಅದು ಊರಿನ ಗಡಿ. ಆಗ ಪಕ್ಕದ ತೋಟದವರಿಗೂ ಮುಖ ಉಳಿಯುತ್ತದೆ, ಒಬ್ಬ ನೆಂಟನಿಗೆ ಸೋತ ಹಾಗಾಗುವುದಿಲ್ಲ. ಊರಿಗೆ ಬಗ್ಗುವುದರಲ್ಲಿ ಅವಮಾನ ಇಲ್ಲ, ಅಲ್ವಾ? ಅದಕ್ಕೆ ನನ್ನ ಮೊದಲ ಕೇಳಿಕೆ ಇದು. ಹಬ್ಬಕ್ಕೆ ಮುಂಚೆ ದೇವಸ್ಥಾನದ ಅಂಗಳ ಚೊಕ್ಕ ಮಾಡುವ ದಿನ ಇದ್ದೇ ಇದೆ. ಅದೇ ದಿನ ಗಡಿಯನ್ನೂ ಎಲ್ಲರೂ ಸುತ್ತಿ ಬನ್ನಿ. ಕಾದವರು ಮುಂದೆ ನಡೆಯಲಿ. ಮಕ್ಕಳು ಸುಣ್ಣದ ಬಕೆಟ್ ಹಿಡಿಯಲಿ. ಕಲ್ಲಿನ ಗುರುತು ಆ ಮಕ್ಕಳ ತಲೆಗೆ ಹೋಗಲಿ.

ಇನ್ನೊಂದು ಕೆಲಸದ ಬಗ್ಗೆ ಹೇಳಬೇಕು. ಲಂಟಾನ.

ದೇವರಕಾಡಿನ ಅಂಚಿನಲ್ಲಿ ಬಿಸಿಲು ಬೀಳುವ ಕಡೆಯೆಲ್ಲ ಲಂಟಾನ ಅನ್ನುವ ಕಳೆಪೊದೆ ಹಬ್ಬಿದೆ. ಅದರ ಕೆಳಗೆ ಬೇರೆ ಸಸಿ ಏಳುವುದಿಲ್ಲ. ಒಂದು ಭಾನುವಾರ ಎಲ್ಲರೂ ಸೇರಿ ಕತ್ತಿಯಲ್ಲಿ ಸವರಿ ಫೋಟೊ ತೆಗೆಸಿಕೊಂಡು ಬರುವುದು ಸುಲಭ. ಮಳೆ ಬಿದ್ದರೆ ಒಂದು ಬುಡದಿಂದ ನಾಲ್ಕು ಕವಲು ಬರುತ್ತದೆ. ತಿಳಿದವರು ಹಾಗೆ ಮಾಡುವುದಿಲ್ಲ. ಬುಡದ ಮಣ್ಣು ಕೆದರಿ, ಕವಲೊಡೆಯುವ ಗಂಟಿನ ಕೆಳಗೆ, ತಾಯಿಬೇರಿಗೇ ಏಟು ಹಾಕುತ್ತಾರೆ. ಗಿಡವನ್ನು ಎತ್ತಿ ಬೇರು ಮೇಲಾಗುವ ಹಾಗೆ ಮಗುಚಿ ಇಡುತ್ತಾರೆ. ಅಲ್ಲಿಗೂ ಮುಗಿಯುವುದಿಲ್ಲ. ಪಿಕಳಾರ ಹಕ್ಕಿ ಲಂಟಾನದ ಹಣ್ಣು ತಿಂದು ಮರದ ಮೇಲೆ ಕೂರುತ್ತದೆ, ಬೀಜ ಕೆಳಗೆ ಬೀಳುತ್ತದೆ. ಹಾಗಾಗಿ ಮರದ ಕೆಳಗೆಲ್ಲ ಮತ್ತೆ ಸಣ್ಣ ಸಣ್ಣ ಗಿಡ ಏಳುತ್ತವೆ. ಎರಡನೇ ಮಳೆಗಾಲ, ಮೂರನೇ ಮಳೆಗಾಲ, ಜಿಗಣೆ ಕಚ್ಚಿಸಿಕೊಂಡು ಅವನ್ನು ಕೈಯಿಂದ ಕೀಳಬೇಕು. ಕೀಳುವಾಗ ಅದರ ನಡುವೆ ತಲೆ ಎತ್ತುತ್ತಿರುವ ಧೂಪದ ಸಸಿ, ಹೆಬ್ಬಲಸಿನ ಸಸಿ, ಬೀಟೆಯ ಸಸಿ ಬಿಟ್ಟು ಕೀಳಬೇಕು. ಎರಡು ಎಲೆ ಇರುವಾಗಲೇ ಯಾವುದು ಯಾವುದು ಅಂತ ಗೊತ್ತಾಗಬೇಕು. ಆ ಕಣ್ಣು ಯಾರಿಗಿದೆ? ನನಗಿಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಹೆಚ್ಚಿನವರಿಗೂ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಎರವ ಹೆಂಗಸರಿಗೆ, ಬೆಟ್ಟಕುರುಬ, ಜೇನುಕುರುಬ ಅಕ್ಕಂದಿರಿಗೆ ಇದೆ.

ಜೂನ್ 5, ಪರಿಸರ ದಿನ ಬಂದರೆ ಗಿಡ ನೆಡುವ ಫೋಟೊ ಪೇಪರಿನಲ್ಲಿ ಬರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ ಒಂದೆರಡು ವರ್ಷ ಎಲ್ಲರೂ ಮರದ ಬಗ್ಗೆ ಮಾತಾಡಿದರು. ಮೂರನೇ ಮಳೆಗಾಲದಲ್ಲಿ ಲಂಟಾನ ಕೀಳುವವರ ಹತ್ತಿರ ಮಾತ್ರ ಯಾವ ಕ್ಯಾಮೆರಾವೂ ಹೋಗುವುದಿಲ್ಲ. ಗೌರವ ಕೊಡುವ ಸಮಿತಿಗಳಿಗೆ ನನ್ನದೊಂದು ಸಲಹೆ. ಈ ವರ್ಷ ಕೆಲಸ ಶುರು ಮಾಡಿದವರನ್ನು ಈ ವರ್ಷ ಆರಿಸಬೇಡಿ. ಮೂರು ಮಳೆಗಾಲ ಕಳೆಯಲಿ. ಆಗ ಯಾರು ಉಳಿದಿದ್ದಾರೋ ಅವರ ಹೆಸರು ಬರೆಯಿರಿ. ಪಟ್ಟಿ ಚಿಕ್ಕದಾಗುತ್ತದೆ, ಆದರೆ ಸರಿ ಇರುತ್ತದೆ.

ಇಲ್ಲಿ ಒಂದು ಕಷ್ಟದ ವಿಷಯ ಇದೆ, ಅದನ್ನು ಮುಚ್ಚಿಡುವುದು ಬೇಡ. ಸ್ವಯಂಸೇವೆ ಅನ್ನುವ ಮಾತು ತೋಟ ಇರುವವರ ಬಾಯಲ್ಲಿ ಸಲೀಸು. ದಿನಗೂಲಿಯಲ್ಲಿ ಬದುಕುವವರಿಗೆ ಒಂದು ದಿನ ದೇವರ ಕೆಲಸ ಅಂದರೆ ಒಂದು ದಿನದ ಅಕ್ಕಿ ಹೋಯಿತು ಅಂತ ಲೆಕ್ಕ. ಅವರನ್ನು ಪುಕ್ಕಟೆ ದುಡಿಸಿ, ಎಷ್ಟು ಶ್ರದ್ಧೆ ಅಂತ ಹೊಗಳುವುದು ಗೌರವ ಅಲ್ಲ. ಕೂಲಿ ಕೊಡಬೇಕು. ಕೂಲಿ ಕೊಟ್ಟ ಮೇಲೂ ಅವರ ಹೆಸರು ಬರೆಯಬೇಕು. ಕೂಲಿ ತಗೊಂಡರಲ್ಲ, ಇನ್ನೇನು ಗೌರವ ಅನ್ನುವವರಿದ್ದಾರೆ. ಅವರಿಗೆ ಒಂದು ಹೆಸರು ನೆನಪಿಸುತ್ತೇನೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು. ಹಾಲಕ್ಕಿ ಸಮುದಾಯದವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿದವರು. ಯಾವ ತಾಯಿಮರದ ಬೀಜ, ಯಾವ ಹೊತ್ತಿಗೆ ಆಯಬೇಕು ಅಂತ ಅವರಿಗೆ ಗೊತ್ತಿತ್ತು. ಅಧಿಕಾರಿಗಳು ಅವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. 2021ರ ನವೆಂಬರಿನಲ್ಲಿ ಅವರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಬಂದು ಪದ್ಮಶ್ರೀ ತಗೊಂಡದ್ದನ್ನು ನೀವೆಲ್ಲ ನೋಡಿದ್ದೀರಿ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕೂಲಿ ತಗೊಂಡಿದ್ದರಿಂದ ಅವರ ಶ್ರದ್ಧೆ ಏನಾದರೂ ಕಡಿಮೆ ಆಯಿತಾ? ಆ ಪದ್ಮಶ್ರೀಗಿಂತ ಎಷ್ಟೋ ವರ್ಷ ಮೊದಲೇ, ಯಾವ ಮರ ಅಂತ ಯಾರೋ ಅವರನ್ನು ಕೇಳಿದರಲ್ಲ, ನನಗೆ ಅದೇ ದೊಡ್ಡ ಗೌರವ ಅನ್ನಿಸುತ್ತದೆ. ನಮ್ಮ ಊರಲ್ಲಿ ಹಾಗೆ ಕೇಳುವವರು ಯಾರಿದ್ದಾರೆ?

ಹೆಂಗಸರ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಕೆಲವು ದೇವರಕಾಡಿನೊಳಗೆ ಹೆಂಗಸರು ಹೋಗುವ ಪದ್ಧತಿ ಇಲ್ಲ. ಆದರೆ ಮನೆ ಹಿಂದೆ ಸಸಿ ಮಡಿ ಮಾಡಿ ನೀರು ಹಾಕಿದ್ದು ಅವರು. ಅಂಚಿನ ಕಳೆ ಕಿತ್ತದ್ದು ಅವರು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ ಬೇಕಾದ ಮದ್ದುಸೊಪ್ಪು ಎಲ್ಲಿ ಸಿಗುತ್ತದೆ, ಬೇರು ಉಳಿಸಿ ಹೇಗೆ ಕೀಳಬೇಕು ಅಂತ ಗೊತ್ತಿರುವುದೂ ಅವರಿಗೆ. ಪಟ್ಟಿಯಲ್ಲಿ ಅವರ ಹೆಸರಿಲ್ಲದಿದ್ದರೆ ಆ ಪಟ್ಟಿ ಪೂರ್ತಿ ಆಗಲಿಲ್ಲ.

ಈಗ ಕಾಗದದ ವಿಷಯ. ಬೇಜಾರು ಅನ್ನಿಸಬಹುದು, ಸ್ವಲ್ಪ ತಾಳಿ. ಬಾಯಿ ಮಾತಿನ ಹೊಗಳಿಕೆ ಒಂದು ತಲೆಮಾರಿಗೆ ಮರೆತುಹೋಗುತ್ತದೆ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿ ಅನ್ನುವ ಪುಸ್ತಕ ಬರೆಯಬೇಕು. ಊರಿನ ಮರ, ಬಳ್ಳಿ, ಮೀನು, ಭತ್ತದ ತಳಿ ಎಲ್ಲ ಅದರಲ್ಲಿ ಬರುತ್ತದೆ. ಅದನ್ನು ಬಲ್ಲವರ ಹೆಸರಿಗೂ ಅದರಲ್ಲಿ ಜಾಗ ಇದೆ. ನಿಮ್ಮ ಪಂಚಾಯ್ತಿಗೆ ಹೋಗಿ ಆ ಪುಸ್ತಕ ತೋರಿಸಿ ಅಂತ ಕೇಳಿ. ಲಂಟಾನದ ನಡುವೆ ಧೂಪದ ಸಸಿ ಗುರುತಿಸುವ ಅಕ್ಕನ ಹೆಸರು ಅದರಲ್ಲಿ ಇಲ್ಲದಿದ್ದರೆ ಬರೆಸಿ. ಅವರನ್ನು ಸಮಿತಿಗೇ ಸೇರಿಸಿದರೆ ಇನ್ನೂ ಒಳ್ಳೆಯದು. ಇದೇ ಕಾಯ್ದೆಯಲ್ಲಿ ಪಾರಂಪರಿಕ ತಾಣ ಅಂತ ಘೋಷಿಸುವ ದಾರಿಯೂ ಇದೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ 2007ರಲ್ಲಿ ಆ ಮಾನ್ಯತೆ ಸಿಕ್ಕಿತು.

ಇನ್ನೊಂದು ಮುಖ್ಯ ವಿಷಯ. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಾಜಸ್ಥಾನದ ದೇವರಕಾಡುಗಳ ಬಗ್ಗೆ ಒಂದು ತೀರ್ಪು ಕೊಟ್ಟಿದೆ. ಅಲ್ಲಿ ಅವನ್ನು ಓರಣ್ ಅನ್ನುತ್ತಾರೆ. ಅವುಗಳ ಸರ್ವೆ ಮಾಡಿ ನಕ್ಷೆ ಮಾಡಿ ಅಂತ ಕೋರ್ಟ್ ಹೇಳಿತು. ದೇಶದ ಎಲ್ಲ ದೇವರಕಾಡುಗಳಿಗೂ ಒಂದು ನೀತಿ ತರಬೇಕು ಅಂತ ಕೇಂದ್ರಕ್ಕೂ ಹೇಳಿತು. ತಲೆತಲಾಂತರದಿಂದ ಕಾದ ಸಮುದಾಯಗಳನ್ನೇ ಕಾವಲುಗಾರರು ಅಂತ ಗುರುತಿಸುವ ಮಾತು ಅದರಲ್ಲಿದೆ. ನಮ್ಮ ತಕ್ಕರು, ನಮ್ಮ ಸಮಿತಿಗಳು ಈ ತೀರ್ಪನ್ನು ಕೈಯಲ್ಲಿ ಇಟ್ಟುಕೊಂಡು ಮಾತಾಡಬೇಕು. ಇಲಾಖೆಯ ಜೊತೆ ಜಗಳಕ್ಕೆ ಅಂತ ಅಲ್ಲ. ಕೆಲಸ ಮಾಡುವ ಗಾರ್ಡುಗಳೂ ಇದ್ದಾರೆ, ಅವರಿಗೂ ನಮ್ಮ ಬೆಂಬಲ ಬೇಕು.

ಮನುಷ್ಯನ ಕೆಲಸವನ್ನು ನೆನೆಯುವುದನ್ನು ನಾವು ಹೊರಗಿನಿಂದ ಕಲಿಯಬೇಕಿಲ್ಲ. ಕೊಡವರಲ್ಲಿ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು ಹಾಡುವ ಪದ್ಧತಿ ಇದೆ. ಮದುವೆಗೆ ಹಾಡು, ಹಬ್ಬಕ್ಕೆ ಹಾಡು, ಸಾವಿಗೂ ಹಾಡು. ತೀರಿಕೊಂಡವರು ಹೇಗೆ ಬದುಕಿದರು ಅಂತ ಹಾಡು ಕಟ್ಟಿ ಹೇಳುತ್ತಾರೆ. ಒಕ್ಕದ, ಅಂದರೆ ಮನೆತನದ ಹೆಸರು, ಊರಿನ ಹೆಸರು, ಮಾಡಿದ ಕೆಲಸ ಎಲ್ಲ ಅದರಲ್ಲಿ ಬರುತ್ತದೆ. ದುಡಿ ಹಿಡಿಯುವವರು ಇಲ್ಲೂ ನಾಲ್ಕು ಜನ ಇದ್ದೀರಿ, ನಾನು ನೋಡಿದೆ. ಕಾಡು ಕಾದವರ ಮೇಲೆ ನಾಲ್ಕು ಸಾಲು ಕಟ್ಟಿ. ಅವರು ಬದುಕಿರುವಾಗಲೇ, ಅವರ ಕಿವಿಗೆ ಬೀಳುವ ಹಾಗೆ ಹಾಡಿ. ಎರವರಲ್ಲಿ, ಕುರುಬರಲ್ಲಿ, ಅರೆಭಾಷೆ ಗೌಡರಲ್ಲಿ ಒಬ್ಬೊಬ್ಬರಿಗೂ ಅವರದ್ದೇ ಹಾಡಿದೆ. ಎಲ್ಲವೂ ಹಬ್ಬದ ದಿನ ಒಂದೇ ಅಂಗಳದಲ್ಲಿ ಕೇಳಬೇಕು ಅಂತ ನನ್ನ ಆಸೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದರಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗಿ ಕೇಳಿದಳು: ನಮ್ಮ ವಯಸ್ಸಿನವರು ಬೆಂಗಳೂರಿಗೆ ಹೋಗುತ್ತಿದ್ದೇವೆ, ಹಬ್ಬಕ್ಕೆ ಮಾತ್ರ ಬರುತ್ತೇವೆ, ನಾವೇನು ಮಾಡಬಹುದು? ಹಬ್ಬಕ್ಕೆ ಬರುತ್ತೀಯಲ್ಲ, ಅದೇ ಸಾಕು ಅಂದೆ. ಬಂದಾಗ ಫೋನಿನಲ್ಲಿ ಒಂದೊಂದು ಗಡಿಕಲ್ಲಿನ ಫೋಟೊ ತೆಗೆದು, ಜಾಗದ ಗುರುತು ಸಮೇತ ಉಳಿಸಿ ಸಮಿತಿಗೆ ಕೊಡು. ಕಾದವರ ಪಕ್ಕ ಕೂತು ಅವರು ಹೇಳಿದ್ದನ್ನು ರೆಕಾರ್ಡ್ ಮಾಡು. ಅರ್ಜಿ ಟೈಪ್ ಮಾಡಿಕೊಡು. ಆ ಟ್ರಂಕಿನ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿಕೊಟ್ಟರೂ ದೊಡ್ಡ ಉಪಕಾರ.

ಇನ್ನೊಬ್ಬರು ಕೇಳಿದ್ದು ಅಪಾಯದ ಬಗ್ಗೆ. ಮರದಿಂದ ಬಿದ್ದರೆ, ಕಾಡಿನಲ್ಲಿ ಏನಾದರೂ ಆದರೆ ಅವರ ಮನೆಯವರಿಗೆ ಯಾರು ದಿಕ್ಕು? ಒಳ್ಳೆಯ ಪ್ರಶ್ನೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಸಾವಾದರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. 18ರಿಂದ 70 ವರ್ಷದವರಿಗೆ ಇದೆ, ಬ್ಯಾಂಕ್ ಖಾತೆ ಇರಬೇಕು. ದುಡ್ಡು ಖಾತೆಯಿಂದಲೇ ಕಟ್ ಆಗುತ್ತದೆ. ಹಣ್ಣಿನ ಬುಟ್ಟಿಗೆ ಹಾಕುವ ದುಡ್ಡಿನಲ್ಲಿ ಒಂದು ಊರಿನ ಎಲ್ಲ ಕೆಲಸಗಾರರಿಗೂ ಆಗುತ್ತದೆ. ಎಪ್ಪತ್ತು ದಾಟಿದವರಿಗೆ ಅದು ಸಿಗುವುದಿಲ್ಲ. ಅಂಥವರಿಗೆ ಸಮಿತಿಯೇ ಒಂದು ನಿಧಿ ಇಡಬೇಕು. ಅಲ್ಲೇ ಇದ್ದ ಒಬ್ಬ ತಕ್ಕರು ಎದ್ದು, ಈ ಸಲದ ಹಬ್ಬದ ಲೆಕ್ಕ ಮುಗಿಯುವ ಮೊದಲೇ ತಮ್ಮ ಊರಲ್ಲಿ ಅದನ್ನು ತೀರ್ಮಾನ ಮಾಡುತ್ತೇವೆ ಅಂದರು. ಬಾಗಿಲ ಹತ್ತಿರ ಮೇಜಿನ ಮೇಲೆ ಹೆಸರು ಬರೆಯುವ ಪುಸ್ತಕ ಇಟ್ಟಿದ್ದೆವು. ಮಳೆ ಹಿಡಿಯುವ ಮುಂಚೆ ಒಂದೊಂದು ಊರಿನ ಪಟ್ಟಿಯೂ ಪಂಚಾಯ್ತಿಗೆ ಹೋಗಬೇಕು ಅಂತ ಮಾತಾಗಿದೆ.